ಹತ್ತು ವರ್ಷದ ಅತಿಥಿಗಳು

(ಸುವರ್ಣ ಮಹೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣದ ಬರಹರೂಪ)



ಇವತ್ತು ನಮ್ಮ ಗುರುಗಳಿಗೆ ಶಾಲು, ಹಾರ, ಹಣ್ಣಿನ ಬುಟ್ಟಿ ಎಲ್ಲ ಆಯಿತು. ಆಗಬೇಕಾದದ್ದೇ. ನಾನು ಮಾತಾಡಲು ಬಂದದ್ದು ಈ ಸಭೆಯಲ್ಲೇ ಕೂತಿರುವ ಇನ್ನೊಂದು ಬಗೆಯ ಮೇಷ್ಟ್ರುಗಳ ಬಗ್ಗೆ. ಇದೇ ಶಾಲೆಯಲ್ಲಿ ಓದಿ ಈಗ ಡಿಗ್ರಿ ಕಾಲೇಜು, ವಿಶ್ವವಿದ್ಯಾಲಯಗಳಲ್ಲಿ ಪಾಠ ಹೇಳುತ್ತಿರುವ ಅಣ್ಣಂದಿರು, ಅಕ್ಕಂದಿರು. ಒಂದು ಕಡೆ ಹೆಬ್ಬಾಳದ ಕೃಷಿ ವಿಶ್ವವಿದ್ಯಾಲಯ, ಇನ್ನೊಂದು ಕಡೆ ಟಾಟಾ ಇನ್‌ಸ್ಟಿಟ್ಯೂಟ್. ಇವುಗಳ ನಡುವಿನ ಸಂಜಯನಗರದಲ್ಲಿ ಬೆಳೆದ ನಾವು, ಲೆಕ್ಚರರ್ ಅಂದರೆ ನೆಮ್ಮದಿಯ ಕೆಲಸ ಅಂತಲೇ ತಿಳಿದಿದ್ದೆವು.

ಅವರಲ್ಲಿ ಎಷ್ಟೋ ಜನ ಅತಿಥಿ ಉಪನ್ಯಾಸಕರು. ಹೆಸರು ನೋಡಿ, ಹತ್ತು ವರ್ಷ ಪಾಠ ಹೇಳಿದರೂ ಅತಿಥಿ! ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಇವರ ಗೌರವಧನ 11,000 ಅಥವಾ 13,000 ರೂಪಾಯಿ ಇತ್ತು. 2022ರ ಜನವರಿಯಲ್ಲಿ ಅದು 26,000ದಿಂದ 32,000ದವರೆಗೆ ಏರಿತು. ಜೊತೆಗೆ ವಾರದ ಪಾಠ 15 ಗಂಟೆಯಾಯಿತು. ಇಬ್ಬರು ಹಂಚಿಕೊಳ್ಳುತ್ತಿದ್ದ ಪಾಠ ಒಬ್ಬರಿಗೆ ಹೋಯಿತು, ಇನ್ನೊಬ್ಬರು ಮನೆಗೆ ಹೋದರು. 2023ರ ನವೆಂಬರಿನಲ್ಲಿ ಸೇವೆ ಕಾಯಂ ಮಾಡಿ ಎಂದು ಧರಣಿ ಕೂತರು. 2024ರ ಜನವರಿಯಲ್ಲಿ ತುಮಕೂರಿನ ಸಿದ್ಧಗಂಗೆಯಿಂದ ಫ್ರೀಡಂ ಪಾರ್ಕಿಗೆ ನಡೆದೇ ಬಂದರು.

ನಮ್ಮ ಬ್ಯಾಚಿನ ಗೆಳೆಯನೊಬ್ಬ ಹೇಳಿದ್ದು: "ಸಂಬಳ ಕಮ್ಮಿ ಅನ್ನೋದು ಅಭ್ಯಾಸ ಆಗೋಗುತ್ತೆ ಕಣೋ. ಮುಂದಿನ ವರ್ಷ ಲಿಸ್ಟಲ್ಲಿ ಹೆಸರು ಇರುತ್ತೋ ಇಲ್ವೋ, ಅದು ನಿದ್ದೆ ಕೆಡಿಸುತ್ತೆ." ಕಾಲೇಜಿಗೆ ರಜೆ ಬಂದರೆ ಅವನಿಗೆ ಸಂಬಳವಿಲ್ಲ. ಮಗಳ ಸ್ಕೂಲ್ ಫೀಸು ಬರುವುದೂ ಅದೇ ಹೊತ್ತಿಗೆ.

ಕಾಯಂ ಆದವರಿಗೂ ಬೇರೆ ಪಾಡು. 2021ರಲ್ಲಿ ಹೊಸ ಶಿಕ್ಷಣ ನೀತಿ, ನಾಲ್ಕು ವರ್ಷದ ಪದವಿ. 2024ರಲ್ಲಿ ಮತ್ತೆ ಮೂರು ವರ್ಷ. ನೋಟ್ಸು ಎರಡೆರಡು ಸಲ ಬದಲಾಯಿತು, ನಡುವೆ ನ್ಯಾಕ್ ಫೈಲುಗಳು.

ಒಂದು ದಿನದ ಒತ್ತಡ ನಿವಾರಣೆ ಕಾರ್ಯಾಗಾರದ ಮೇಲೆ ನನಗೆ ನಂಬಿಕೆ ಕಡಿಮೆ. ನಮ್ಮ ಸಾಫ್ಟ್‌ವೇರ್ ಕಂಪನಿಗಳಲ್ಲೂ ಬೇಕಾದಷ್ಟು ಆಗುತ್ತವೆ, ಸಮೋಸ ಚೆನ್ನಾಗಿರುತ್ತದೆ. ಆದರೆ ಅಲ್ಲಿ ಆಪ್ತಸಮಾಲೋಚಕರ ನಂಬರ್ ಕೂಡ ಕೊಡುತ್ತಾರೆ, ಏನು ಮಾತಾಡಿದಿರಿ ಅಂತ ಮ್ಯಾನೇಜರಿಗೆ ತಿಳಿಯುವುದಿಲ್ಲ. ಅತಿಥಿ ಉಪನ್ಯಾಸಕನಿಗೆ ಕೆಲವು ಕಡೆ ಸ್ಟಾಫ್ ರೂಮಿನಲ್ಲಿ ಕುರ್ಚಿಯೂ ಇಲ್ಲ. ತಿಂಗಳು ತಿಂಗಳು ಸಂಬಳ, ರಜೆಗೆ ಮೊದಲೇ ಮುಂದಿನ ವರ್ಷದ ಆದೇಶ ಕೈಗೆ ಬಂದರೆ ಅರ್ಧ ಭಾರ ಇಳಿಯುತ್ತದೆ.

ಉಳಿದರ್ಧಕ್ಕೆ 14416 ಬರೆದುಕೊಳ್ಳಿ. ಟೆಲಿ ಮಾನಸ್, 2022ರ ಅಕ್ಟೋಬರಿನಲ್ಲಿ ಶುರುವಾದ ಸರ್ಕಾರದ ಸೇವೆ. ನಮ್ಮ ನಿಮ್ಹಾನ್ಸ್ ಅದರ ಹಿಂದಿದೆ. ಹಗಲು ರಾತ್ರಿ ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಊರಿಗೆಲ್ಲ ಬುದ್ಧಿ ಹೇಳುವ ಮೇಷ್ಟ್ರಿಗೆ ತಾನು ಫೋನ್ ಮಾಡಲು ಸಂಕೋಚ. ಹಾಗಾಗಿ ಮನೆಯವರು, ಗೆಳೆಯರು ನಂಬರ್ ಒತ್ತಿ ಕೈಗೆ ಕೊಡಿ.

ಕೊನೆಗೆ ಹಳೆಯ ವಿದ್ಯಾರ್ಥಿಗಳ ಸಂಘಕ್ಕೆ ಒಂದು ಕೇಳಿಕೆ. ಸಂಬಳವಿಲ್ಲದ ರಜೆಯ ತಿಂಗಳುಗಳಿಗೆ ಬಡ್ಡಿಯಿಲ್ಲದ ಒಂದು ಕೈಸಾಲದ ನಿಧಿ ಇಡೋಣ. ತೆಗೆದುಕೊಂಡವರ ಹೆಸರು ಸಭೆಯಲ್ಲಿ ಓದುವುದು ಬೇಡ. ಮೊದಲ 25,000 ನನ್ನದು. ರಸೀದಿ ಪುಸ್ತಕ ಊಟದ ಪೆಂಡಾಲಿನ ಬಾಗಿಲಲ್ಲಿ ಇಟ್ಟಿದ್ದೇವೆ.