ಚರ್ಚಿನ ಕನ್ನಡ ನಮ್ಮ ಕನ್ನಡವಲ್ಲವೇ?

(ರಾಜ್ಯೋತ್ಸವದ ತಿಂಗಳಲ್ಲಿ ಬೆಂಗಳೂರಿನ ಕನ್ನಡ ಯುವಕ-ಯುವತಿಯರ ಸಭೆಯೊಂದರಲ್ಲಿ ಆಡಿದ ಮಾತುಗಳ ಬರಹರೂಪ)



ನವೆಂಬರ್ ಬಂತೆಂದರೆ ಈ ಊರಿನ ಗಲ್ಲಿಗಲ್ಲಿಯಲ್ಲಿ ಹಳದಿ-ಕೆಂಪು ಬಾವುಟ ಹಾರುತ್ತದೆ. ಮೈಕು ಕೂಗುತ್ತದೆ. ಭುವನೇಶ್ವರಿಯ ಮೆರವಣಿಗೆ ಹೊರಡುತ್ತದೆ. ಒಳ್ಳೆಯದೇ. ಅಂಗಡಿಯ ಬೋರ್ಡಿನಲ್ಲಿ ಕನ್ನಡ ಬೇಕೆಂದು ಹೋರಾಡಿದೆವು. ಬ್ಯಾಂಕಿನ ಚಲನ್ನಿನಲ್ಲಿ, ರೈಲ್ವೆ ಪರೀಕ್ಷೆಯಲ್ಲಿ, ಕೋರ್ಟಿನ ತೀರ್ಪಿನಲ್ಲಿ ಕನ್ನಡ ಬೇಕೆಂದು ಕೂಗಿದೆವು. 1982ರ ಗೋಕಾಕ್ ಚಳವಳಿಯಲ್ಲಿ ಇಡೀ ನಾಡೇ ಬೀದಿಗಿಳಿಯಿತು. ಆದರೆ ಒಂದು ಪ್ರಶ್ನೆಯನ್ನು ನಾವು ಕೇಳಿಕೊಂಡದ್ದು ಕಡಿಮೆ. ಮನುಷ್ಯ ಕಷ್ಟ ಬಂದಾಗ ಕೈಮುಗಿದು ನಿಲ್ಲುತ್ತಾನಲ್ಲ, ಆಗ ಅವನ ಬಾಯಲ್ಲಿ ಯಾವ ಭಾಷೆ ಇರುತ್ತದೆ?

ಬೋರ್ಡನ್ನು ಸರ್ಕಾರ ಒಂದು ಆದೇಶದಿಂದ ಬದಲಿಸಬಹುದು. ಪ್ರಾರ್ಥನೆಯನ್ನು ಆದೇಶದಿಂದ ಬದಲಿಸಲಾಗದು. ದೇವರೊಡನೆ ಮಾತಾಡುವ ಭಾಷೆ ಮನೆಯ ಒಳಕೋಣೆಯ ಭಾಷೆ. ಅದು ಹೋದರೆ ಬಾಗಿಲಿನ ಮೇಲೆ ಎಷ್ಟು ದೊಡ್ಡ ಕನ್ನಡ ಅಕ್ಷರ ಬರೆದರೂ ಮನೆ ಕನ್ನಡದ್ದಾಗಿ ಉಳಿಯುವುದಿಲ್ಲ. ಅದಕ್ಕೇ ಇವತ್ತು ಕಥೋಲಿಕ ಕ್ರೈಸ್ತರ ವಾರದ ಪೂಜೆ, ಪ್ರಾರ್ಥನೆಗಳ ಬಗ್ಗೆ ನಿಮ್ಮೊಡನೆ ಮಾತಾಡಬೇಕೆನಿಸಿದೆ. ‘ಅದು ಅವರ ಧರ್ಮದ ವಿಷಯ, ನಮಗೇಕೆ?’ ಎನ್ನಬೇಡಿ. ಅದು ಕನ್ನಡದ ವಿಷಯ.

ಸಂಗಮದ ಸೀಮೆ

ನಕಾಶೆಯ ಮೇಲೆ ನಾಲ್ಕು ಊರಿಗೆ ಬೆರಳಿಡಿ: ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್. ಬಾದಾಮಿಯ ಬಂಡೆಯ ಮೇಲೆ ಕಪ್ಪೆ ಅರಭಟ್ಟನ ಶಾಸನವಿದೆ. ತ್ರಿಪದಿ ಎಂಬ ನಮ್ಮ ಅಚ್ಚ ದೇಸಿ ಮಟ್ಟು ಕಲ್ಲಿನ ಮೇಲೆ ನಿಂತದ್ದು ಅಲ್ಲಿ. ಹುನಗುಂದ ಸೀಮೆಯಲ್ಲಿ ಕೂಡಲಸಂಗಮವಿದೆ. ಕೃಷ್ಣೆಗೆ ಮಲಪ್ರಭೆ ಬಂದು ಸೇರುವ ಜಾಗ. ಬಸವಣ್ಣ ವಿದ್ಯೆ ಕಲಿತದ್ದೂ ಐಕ್ಯವಾದದ್ದೂ ಅಲ್ಲೇ. ದೇವರಿಗೆ ಸಂಸ್ಕೃತ ಮಾತ್ರ ತಿಳಿಯುತ್ತದೆ ಎಂದು ಪಂಡಿತರು ಕೂತಿದ್ದ ಕಾಲದಲ್ಲಿ, 12ನೇ ಶತಮಾನದಲ್ಲಿ, ಮಡಿವಾಳರು, ಅಂಬಿಗರು, ಸಮಗಾರರು ಕನ್ನಡದಲ್ಲೇ ದೇವರನ್ನು ಮಾತಾಡಿಸಿದರು. ಬೈದರು, ಅತ್ತರು, ಜಗಳವಾಡಿದರು. ಪ್ರಾರ್ಥನೆಗೆ ಮಧ್ಯವರ್ತಿ ಭಾಷೆ ಬೇಡ ಎಂದು ಜಗತ್ತಿಗೆ ಹೇಳಿದ ಮಣ್ಣು ಅದು.

ಇದೇ ಸೀಮೆಯಲ್ಲಿ ಕ್ರೈಸ್ತರೂ ಇದ್ದಾರೆ. ಸಂಖ್ಯೆಯಲ್ಲಿ ಬಹಳ ಕಡಿಮೆ. ಆದರೆ ಇತಿಹಾಸ ಸಣ್ಣದಲ್ಲ. ಇಳಕಲ್ಲಿನಿಂದ ಅಷ್ಟೇನೂ ದೂರವಿಲ್ಲದ ಮುದಗಲ್ಲಿನಲ್ಲಿ ಬಿಜಾಪುರದ ಆದಿಲ್‌ಶಾಹಿ ಕಾಲದಿಂದಲೂ ಕಥೋಲಿಕರಿದ್ದಾರೆ. ಖಣದ ಊರಾದ ಗುಳೇದಗುಡ್ಡಕ್ಕೆ ಬಾಸೆಲ್ ಮಿಷನ್ನಿನವರು 1851ರಲ್ಲಿ ಬಂದರು. ಅವರು ಪ್ರಾಟೆಸ್ಟೆಂಟರು, ಕಥೋಲಿಕರಲ್ಲ. ಆದರೂ ಅವರ ಪ್ರಾರ್ಥನೆಯ ಭಾಷೆ ಕನ್ನಡವೇ. ನೇಕಾರರ ನಡುವೆ, ಒಕ್ಕಲಿಗರ ನಡುವೆ ಬಾಳುವ ಜನ ಬೇರೆ ಯಾವ ಭಾಷೆಯಲ್ಲಿ ಪ್ರಾರ್ಥಿಸಬೇಕು?

ವಾರವೆಲ್ಲ ಕನ್ನಡ

ಕಥೋಲಿಕರ ಒಂದು ವಾರ ಹೇಗಿರುತ್ತದೆ ಎಂಬುದು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ಪಕ್ಕದ ಮನೆಯಲ್ಲಿದ್ದರೂ ಗೊತ್ತಿಲ್ಲ. ಕ್ರಿಸ್‌ಮಸ್ಸಿನ ಕೇಕು ಗೊತ್ತು, ಅಷ್ಟೇ. ಸ್ವಲ್ಪ ಕೇಳಿ.

ಅವರು ಒಂದು ಚರ್ಚಿಗೆ ಸೇರಿದ ಜನಸಮುದಾಯವನ್ನು ಧರ್ಮಕೇಂದ್ರ ಎನ್ನುತ್ತಾರೆ. ಗುರುಗಳನ್ನು ‘ಸ್ವಾಮಿ’ ಎಂದು ಕರೆಯುವುದು ಹಳೆಯ ಕನ್ನಡ ಕಥೋಲಿಕರ ರೂಢಿ. ಸಂಜೆ ಮನೆಯಲ್ಲಿ ಜಪಸರ. ಐವತ್ತು ಸಲ ನಮೋ ಮರಿಯ ಜಪ, ಪ್ರತಿ ಹತ್ತಕ್ಕೊಮ್ಮೆ ಪರಲೋಕ ಜಪ. ಅವ್ವ ಅರ್ಧ ಹೇಳಿದರೆ ಮಕ್ಕಳು ಉಳಿದರ್ಧ ಹೇಳಬೇಕು. ಮಂಗಳವಾರ ಸಂತ ಅಂತೋಣಿಯವರಿಗೆ, ಬುಧವಾರ ನಿತ್ಯಾಧಾರ ಮಾತೆಗೆ ವಿಶೇಷ ಪ್ರಾರ್ಥನೆ ಮಾಡುವುದು ಹಲವು ಚರ್ಚುಗಳಲ್ಲಿ ರೂಢಿ. ಈಸ್ಟರಿಗೆ ಮುಂಚಿನ ತಪಸ್ಸು ಕಾಲದಲ್ಲಿ ಶುಕ್ರವಾರ ಶಿಲುಬೆಯ ಹಾದಿ: ಹದಿನಾಲ್ಕು ನಿಲ್ದಾಣ, ಒಂದೊಂದರಲ್ಲೂ ನಿಂತು, ಮೊಣಕಾಲೂರಿ ಪ್ರಾರ್ಥನೆ.

ಇನ್ನು ಭಾನುವಾರ. ಭಾನುವಾರದ ಬಲಿಪೂಜೆ ಅವರಿಗೆ ಕಡ್ಡಾಯ. ಅದರಲ್ಲಿ ಬೈಬಲಿನಿಂದ ಮೂರು ವಾಚನ, ನಡುವೆ ಒಂದು ಕೀರ್ತನೆ. ಮೊದಲೆರಡು ವಾಚನವನ್ನು ಓದುವವರು ಸಾಮಾನ್ಯ ಜನ. ಮೂರನೆಯದಾದ ಶುಭಸಂದೇಶವನ್ನು ಗುರುಗಳು ಓದುತ್ತಾರೆ. ವರ್ಷಕ್ಕೆ 52 ಭಾನುವಾರ ಎಂದರೆ 156 ವಾಚನ. ಅದರಲ್ಲಿ 104 ಸಲ ನಮ್ಮ ನಿಮ್ಮಂಥವರು ಎದ್ದು ನಿಂತು, ಸಭೆಯ ಮುಂದೆ, ಕನ್ನಡವನ್ನು ಗಟ್ಟಿಯಾಗಿ, ತಪ್ಪಿಲ್ಲದೆ ಓದಬೇಕು. ವಾಚನಗಳ ಸುತ್ತು ಮೂರು ವರ್ಷಕ್ಕೊಮ್ಮೆ ಮುಗಿಯುತ್ತದೆ. ಶಾಲೆ ಬಿಟ್ಟ ಮೇಲೆ ಪುಸ್ತಕ ಮುಟ್ಟದ ಹುಡುಗಿಯೂ ಅಲ್ಲಿ ಕನ್ನಡ ಗದ್ಯ ಓದುತ್ತಾಳೆ. ನೇಯ್ಗೆಯವನು, ಗೌಂಡಿ ಕೆಲಸದವನು, ನರ್ಸಮ್ಮ ಓದುತ್ತಾರೆ. ನಾಡಿನಲ್ಲಿ ಇಷ್ಟು ತಪ್ಪದೆ ವಾರವಾರವೂ ಸೇರಿ ಕನ್ನಡ ಓದುವ, ಕೇಳುವ, ಹಾಡುವ ಸಭೆ ಇನ್ನೆಷ್ಟಿವೆ? ಅನುದಾನ ಕೇಳದೆ, ಶಾಲು-ಹಾರ ಬೇಡದೆ ನಡೆಯುವ ಕನ್ನಡದ ಕೆಲಸ ಇದು!

ಲ್ಯಾಟಿನ್ ಇಳಿದು ಕನ್ನಡ ಬಂತು

ಇದು ತಾನಾಗಿ ಬಂದದ್ದಲ್ಲ. 1960ರ ದಶಕದ ಮೊದಲ ವರ್ಷಗಳವರೆಗೂ ಬಲಿಪೂಜೆ ಲ್ಯಾಟಿನ್ನಿನಲ್ಲಿತ್ತು. ಗುರುಗಳು ಪೀಠದ ಕಡೆ ಮುಖ ಮಾಡಿ ಹೇಳುತ್ತಿದ್ದರು. ಜನ ಹಿಂದೆ ಕೂತು ತಮ್ಮ ಪಾಡಿಗೆ ತಾವು ಜಪಸರ ಎಣಿಸುತ್ತಿದ್ದರು. ರೋಮಿನಲ್ಲಿ 1962ರಿಂದ 1965ರವರೆಗೆ ಎರಡನೆಯ ವ್ಯಾಟಿಕನ್ ಮಹಾಸಭೆ ನಡೆಯಿತು. 1963ರ ಡಿಸೆಂಬರ್ 4ರಂದು ಆ ಸಭೆ ಹೊರಡಿಸಿದ ಶಾಸನ ಪೂಜೆಯಲ್ಲಿ ಜನರ ಮಾತೃಭಾಷೆಗೆ ಬಾಗಿಲು ತೆರೆಯಿತು. ಹಂತಹಂತವಾಗಿ ಲ್ಯಾಟಿನ್ ಇಳಿಯಿತು, ಕನ್ನಡ ಪೀಠ ಏರಿತು. 1969ರಲ್ಲಿ ಭಾರತದ ಚರ್ಚಿಗೆ ಹನ್ನೆರಡು ಬದಲಾವಣೆಗಳಿಗೆ ರೋಮಿನ ಒಪ್ಪಿಗೆ ಸಿಕ್ಕಿತು. ಕೈಮುಗಿದು ನಮಸ್ಕರಿಸುವುದು, ಚಪ್ಪಲಿ ಬಿಟ್ಟು ನೆಲದ ಮೇಲೆ ಕೂರುವುದು, ಎಣ್ಣೆ ದೀಪ ಹಚ್ಚುವುದು, ಆರತಿ ಎತ್ತುವುದು ಎಲ್ಲ ಅದರಲ್ಲಿವೆ.

ಅದಕ್ಕೂ ಮುಂಚೆ ಕನ್ನಡದ ಪ್ರಯತ್ನಗಳು ನಡೆದಿರಲಿಲ್ಲವೇ? ನಡೆದಿದ್ದವು. 17ನೇ ಶತಮಾನದ ನಡುವಿನಲ್ಲಿ ಮೈಸೂರು ಸೀಮೆಗೆ ಬಂದ ಇಟಲಿಯ ಪಾದ್ರಿ ಲಿಯೊನಾರ್ಡೊ ಚಿನ್ನಮಿ ಕನ್ನಡ ಕಲಿತು, ಕನ್ನಡದಲ್ಲೇ ಧರ್ಮೋಪದೇಶದ ಪುಸ್ತಕ ಬರೆದರು. ಬಳ್ಳಾರಿಯಲ್ಲಿ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮತ್ತು ಸಂಗಡಿಗರ ದುಡಿಮೆಯಿಂದ 1831ರ ಹೊತ್ತಿಗೆ ಇಡೀ ಬೈಬಲ್ ಕನ್ನಡಕ್ಕೆ ಬಂದಿತ್ತು.

ನಮ್ಮ ಕಾಲದ ಒಂದು ಉದಾಹರಣೆ ಕೊಡುತ್ತೇನೆ. ಬೆಳಗಾವಿ ಜಿಲ್ಲೆಯ ದೇಶನೂರಿನಲ್ಲಿ ಯೇಸುಸಭೆಯ ಗುರುಗಳ ಒಂದು ನೆಲೆಯಿದೆ. ಅದರ ಹೆಸರು ‘ಸ್ನಾನಿಕ ಅರುಳಪ್ಪನವರ ವಿರಕ್ತ ಮಠ’. ಸ್ನಾನಿಕ ಅರುಳಪ್ಪ ಎಂದರೆ ಜಾನ್ ದಿ ಬ್ಯಾಪ್ಟಿಸ್ಟ್. ಕಾವಿ ತೊಟ್ಟ ಕಥೋಲಿಕ ಗುರುಗಳು ವಿರಕ್ತ ಮಠದ ರೀತಿಯಲ್ಲಿ ಅಲ್ಲಿ ಬಾಳುತ್ತಾರೆ. ಶರಣರ ನಾಡು ಚರ್ಚಿನ ಮೇಲೆ ಒತ್ತಿದ ಮುದ್ರೆ ಅದು.

ಕಿಟೆಲ್‌ಗೆ ಹಾರ, ನೆರೆಯವನಿಗೆ ಅನುಮಾನ

ಈಗ ಕಹಿ ಮಾತು. ಬೆಂಗಳೂರಿನ ಎಂ.ಜಿ. ರಸ್ತೆಯಲ್ಲಿ ಕಿಟೆಲ್ ಪ್ರತಿಮೆ ಇದೆ. 1894ರಲ್ಲಿ ನಿಘಂಟು ಕೊಟ್ಟ ಮಹಾನುಭಾವ ಎಂದು ನಾವು ಹಾರ ಹಾಕುತ್ತೇವೆ. ಹಾಕಲೇಬೇಕು. ಆದರೆ ಅದೇ ಕೈ, ಇಳಕಲ್ಲಿನಿಂದ ಬಂದ ಕ್ರೈಸ್ತ ಹುಡುಗನನ್ನು ಕಂಡಾಗ ಏನು ಮಾಡುತ್ತದೆ? ‘ನಿಮ್ಮ ದೇವರಿಗೆ ಕನ್ನಡ ಬರ್ತೈತೇನೋ?’ ಎಂದು ಚುಚ್ಚುವವರು ನಮ್ಮಲ್ಲೇ ಇದ್ದಾರೆ. ಅವನ ಹೆಸರು ರಾಯಪ್ಪನೋ ಚಿನ್ನಪ್ಪನೋ ಆಗಿದ್ದರೆ ನಮ್ಮವನು. ಪೀಟರ್, ಪಾಲ್ ಎಂದರೆ ಹೊರಗಿನವನು! ಆದರೆ ಪೀಟರೇ ರಾಯಪ್ಪ, ಪಾಲನೇ ಚಿನ್ನಪ್ಪ, ಜಾನನೇ ಅರುಳಪ್ಪ ಎಂಬುದು ನಮಗೆ ಗೊತ್ತೇ ಇಲ್ಲ.

ಜರ್ಮನಿಯಿಂದ ಬಂದ ಕಿಟೆಲ್ ಕನ್ನಡಿಗನಾಗಬಹುದಾದರೆ, ತಲೆತಲಾಂತರದಿಂದ ಕೃಷ್ಣೆಯ ನೀರು ಕುಡಿದವನು ಪರದೇಶಿ ಹೇಗಾದಾನು? 2008ರ ಸೆಪ್ಟೆಂಬರಿನಲ್ಲಿ ಮಂಗಳೂರಿನಲ್ಲೂ ರಾಜ್ಯದ ಇತರ ಕೆಲವು ಕಡೆಗಳಲ್ಲೂ ಚರ್ಚುಗಳ ಮೇಲೆ ದಾಳಿಯಾದಾಗ, ಅಲ್ಲಿ ಪ್ರಾರ್ಥಿಸುತ್ತಿದ್ದವರೂ ಕನ್ನಡ ನಾಡಿನ ಜನ ಎಂದು ಎಷ್ಟು ಕನ್ನಡ ಬಾವುಟಗಳು ಎದ್ದು ನಿಂತವು? ನಿಮ್ಮ ಎದೆ ಮುಟ್ಟಿಕೊಂಡು ಹೇಳಿ.

ಬೆಂಗಳೂರಿನ ಜಗಳ

ಇನ್ನೊಂದು ಕಡೆಗೂ ತಿರುಗಿ ನೋಡಬೇಕು. ಬೆಂಗಳೂರಿನ ಕಥೋಲಿಕ ಚರ್ಚುಗಳಲ್ಲಿ ಕನ್ನಡಕ್ಕೆ ತಕ್ಕ ಜಾಗ ಬೇಕೆಂದು ಕನ್ನಡ ಕಥೋಲಿಕರು ದಶಕಗಳ ಕಾಲ ಹೋರಾಡಿದ್ದಾರೆ. ಕರ್ನಾಟಕದ ರಾಜಧಾನಿಯಲ್ಲಿ ಕನ್ನಡದ ಪೂಜೆಗಾಗಿ ಕನ್ನಡಿಗ ಗೋಗರೆಯಬೇಕೇ? ಅವರ ಬೇಡಿಕೆ ನ್ಯಾಯವಾದದ್ದು. ಮಾತೃಭಾಷೆಯ ಹಕ್ಕನ್ನು ರೋಮಿನ ಮಹಾಸಭೆಯೇ ಒಪ್ಪಿದ ಮೇಲೆ, ಇಲ್ಲಿನವರು ಇಲ್ಲವೆನ್ನಲು ಕಾರಣವಿಲ್ಲ.

ಆದರೆ ಆ ಜಗಳ ಕೆಲವೊಮ್ಮೆ ಕನ್ನಡ-ತಮಿಳು ಜಗಳವಾಯಿತು. ಪೂಜೆಯ ಹೊತ್ತಿನಲ್ಲಿ ಕೂಗಾಟ, ತಳ್ಳಾಟ ನಡೆದವು. ಇಲ್ಲಿ ನಾನು ನಿಮಗೆ ಹಿತವಾಗದ ಮಾತು ಹೇಳುತ್ತೇನೆ. ತಮಿಳು ಅಜ್ಜಿಯ ಜಪಸರವನ್ನು ಕಿತ್ತುಕೊಂಡು ಕನ್ನಡ ಬೆಳೆಯುವುದಿಲ್ಲ. ನಾವು ಈಗ ಹೇಳಿದ ರಾಯಪ್ಪ, ಚಿನ್ನಪ್ಪ, ಅರುಳಪ್ಪ ಇದ್ದಾರಲ್ಲ, ತಮಿಳು ಕಥೋಲಿಕರಲ್ಲೂ ಅವರೇ ರಾಯಪ್ಪರ್, ಚಿನ್ನಪ್ಪರ್, ಅರುಳಪ್ಪರ್. ಒಂದೇ ತಾಯಿಬೇರಿನ ಹೆಸರುಗಳು. ಭಾರತದ ಚರ್ಚು ಭಾರತದ್ದೇ ಆಗಬೇಕೆಂದು 1967ರಲ್ಲಿ ಇದೇ ಬೆಂಗಳೂರಿನಲ್ಲಿ ರಾಷ್ಟ್ರೀಯ ಕೇಂದ್ರವೊಂದನ್ನು ಕಟ್ಟಿ ದುಡಿದ ಡಿ.ಎಸ್. ಅಮಲೋರ್‌ಪವದಾಸ್ ತಮಿಳು ಗುರುಗಳು. ನಮ್ಮ ಆರತಿ, ದೀಪಗಳು ಚರ್ಚಿನೊಳಗೆ ಬಂದದ್ದರಲ್ಲಿ ಅವರ ದುಡಿಮೆ ದೊಡ್ಡದು.

ಶಿವಾಜಿನಗರದ ಸಂತ ಮೇರಿ ಬೆಸಿಲಿಕಾದಲ್ಲಿ ಕನ್ನಡ, ತಮಿಳು, ಇಂಗ್ಲಿಷ್ ಮೂರರಲ್ಲೂ ಪೂಜೆಯಾಗುತ್ತದೆ. ನಮ್ಮ ಬೇಡಿಕೆ ಇಷ್ಟೇ ಇರಲಿ: ಕನ್ನಡ ನಾಡಿನ ಯಾವ ಚರ್ಚಿನಲ್ಲೂ ಕನ್ನಡದ ಪೂಜೆ ಇಲ್ಲದ ಭಾನುವಾರ ಇರಬಾರದು. ಅದಕ್ಕೆ ಮೂಲೆಯ ಹೊತ್ತಲ್ಲ, ಜನ ಬರುವ ಹೊತ್ತು ಸಿಗಬೇಕು.

ಖಾಲಿ ಬೆಂಚು ಮತ್ತು ಇಂಗ್ಲಿಷ್

ಆದರೆ ನಿಜವಾದ ಪೆಟ್ಟು ಬೀಳುತ್ತಿರುವುದು ತಮಿಳಿನಿಂದಲ್ಲ. ಹುನಗುಂದದ, ಬಾದಾಮಿಯ ಹುಡುಗ ದುಡಿಯಲು ಬೆಂಗಳೂರಿಗೆ ಬರುತ್ತಾನೆ. ಊರಿನಲ್ಲಿ ಪೀಠದ ಬಳಿ ನಿಂತು ಕನ್ನಡ ವಾಚನ ಓದಿದವನು. ಇಲ್ಲಿ ಗೆಳೆಯರೆಲ್ಲ ಇಂಗ್ಲಿಷ್ ಪೂಜೆಗೆ ಹೋಗುತ್ತಾರೆ. ಗಿಟಾರಿದೆ, ಕಂಪೆನಿಯ ಪರಿಚಯಸ್ಥರಿದ್ದಾರೆ. ಇವನೂ ಹೋಗುತ್ತಾನೆ. ಒಂದು ವರ್ಷ, ಎರಡು ವರ್ಷ. ಮದುವೆಯಾಗುತ್ತದೆ. ಮಗು ಇಂಗ್ಲಿಷಿನಲ್ಲೇ ಜಪ ಕಲಿಯುತ್ತದೆ. ಊರಿಗೆ ಹೋದಾಗ ಅಜ್ಜಿ ಅರ್ಧ ಹೇಳಿ ನಿಲ್ಲಿಸಿದರೆ, ಉಳಿದರ್ಧ ಹೇಳಲು ಮೊಮ್ಮಗನಿಗೆ ಬರುವುದಿಲ್ಲ. ಐವತ್ತು ಮಣಿಯ ಸರ ಅಲ್ಲೇ ಕಡಿಯಿತು!

ಇದು ಚರ್ಚಿನ ಕತೆ ಮಾತ್ರವೇ? ನಮ್ಮ ಮನೆಗಳಲ್ಲೂ ಅದೇ ತಾನೇ? ಹಾಡು, ಹರಕೆ, ಲಾಲಿ ಎಲ್ಲ ಹೀಗೇ ಕಡಿಯುತ್ತಿವೆ.

ಆದ್ದರಿಂದ ನಿಮಗೆ ಮೂರು ಮಾತು. ಒಂದು: ನೀವು ಕ್ರೈಸ್ತ ಯುವಕ-ಯುವತಿಯರಾಗಿದ್ದರೆ ನಿಮ್ಮ ಚರ್ಚಿನ ಕನ್ನಡ ಪೂಜೆಗೆ ಹೋಗಿ. ವಾಚನ ಓದಲು ಹೆಸರು ಕೊಡಿ, ಗಾನವೃಂದಕ್ಕೆ ಸೇರಿ. ಬೆಂಚು ಖಾಲಿಯಿದ್ದರೆ ಪೂಜೆಯ ಹೊತ್ತು ಉಳಿಸುವಂತೆ ಗುರುಗಳನ್ನು ಕೇಳುವ ಬಾಯಿ ನಮಗೆ ಇರುವುದಿಲ್ಲ. ಎರಡು: ಕ್ರೈಸ್ತರಲ್ಲದವರು ನಿಮ್ಮ ಬಡಾವಣೆಯ ಕನ್ನಡ ಕ್ರೈಸ್ತರನ್ನು ರಾಜ್ಯೋತ್ಸವದ ವೇದಿಕೆಗೆ ಕರೆಯಿರಿ. ಅತಿಥಿಯೆಂದು ಮೂಲೆಯಲ್ಲಿ ಕೂರಿಸಬೇಡಿ. ಮನೆಯವರೆಂದು ಕೆಲಸ ಹಂಚಿ, ಕನ್ನಡ ಓದಿಸಿ, ಹಾಡಿಸಿ. ಮೂರು: ಕನ್ನಡ ಪೂಜೆಗೆ ಹೊತ್ತು ಕೇಳಬೇಕಾದ ಕಡೆ ಮನವಿ ಕೊಡಿ, ಸಹಿ ಸಂಗ್ರಹಿಸಿ, ಮತ್ತೆ ಮತ್ತೆ ಹೋಗಿ ಕೇಳಿ. ಚರ್ಚಿನ ಅಂಗಳದಲ್ಲಿ ಕಲ್ಲು ಎತ್ತಬೇಡಿ, ಯಾರ ಪ್ರಾರ್ಥನೆಯನ್ನೂ ನಿಲ್ಲಿಸಬೇಡಿ. ಪ್ರಾರ್ಥನೆ ನಿಲ್ಲಿಸಿ ಗೆದ್ದ ಭಾಷೆ ಯಾರ ಬಾಯಲ್ಲೂ ಪ್ರಾರ್ಥನೆಯಾಗಿ ಉಳಿಯದು.

ಗುರುಗಳಿಗೂ ಧರ್ಮಾಧ್ಯಕ್ಷರಿಗೂ ವಿನಯದಿಂದ ಒಂದು ಮಾತು. ಬೇರೆ ಸೀಮೆಯಿಂದ ಬಂದ ಗುರುಗಳು ನಮ್ಮ ಊರುಗಳಲ್ಲಿ ಸೇವೆ ಮಾಡುತ್ತಾರೆ. ಅವರಿಗೆ ಕನ್ನಡ ಚೆನ್ನಾಗಿ ಕಲಿಸಿ ಕಳಿಸಿ. ಪುಸ್ತಕ ನೋಡಿ ಪೂಜೆ ಹೇಳುವಷ್ಟು ಕನ್ನಡ ಸಾಲದು. ಮುದುಕಿಯೊಬ್ಬಳು ಪಾಪನಿವೇದನೆಗೆ ಬಂದು ಬಾಗಲಕೋಟೆಯ ಗಂಡುಗನ್ನಡದಲ್ಲಿ ಮನಸ್ಸು ಬಿಚ್ಚಿದಾಗ ಅರ್ಥವಾಗುವಷ್ಟು ಕನ್ನಡ ಬೇಕು. ಸಾವಿನ ಹಾಸಿಗೆಯ ಬಳಿ ಕೂತು ಸಮಾಧಾನ ಹೇಳುವಷ್ಟು ಕನ್ನಡ ಬೇಕು. ಚಿನ್ನಮಿ ಇಟಲಿಯಿಂದ ಬಂದು ಕಲಿತರು. ನೆರೆಯ ರಾಜ್ಯದಿಂದ ಬಂದವರಿಗೆ ಸಾಧ್ಯವಾಗದೇ?

ಬಂಧುಗಳೇ, ನಮ್ಮ ಸಂಖ್ಯೆ ಕೋಟಿಗಳಲ್ಲಿದೆ ಎಂದು ಎದೆ ತಟ್ಟಿಕೊಳ್ಳುತ್ತೇವೆ. ಆ ಲೆಕ್ಕದಲ್ಲಿ ಇಳಕಲ್ಲಿನ ಕ್ರೈಸ್ತ ಮನೆಯನ್ನೂ ಸೇರಿಸಿ ಎಣಿಸಿ. ಈ ಭಾನುವಾರ ಬೆಳಿಗ್ಗೆ ನಾವು ಇನ್ನೂ ಹಾಸಿಗೆಯಲ್ಲಿರುವ ಹೊತ್ತಿಗೆ, ಎಲ್ಲೋ ಒಂದು ಸಣ್ಣ ಚರ್ಚಿನಲ್ಲಿ ಒಬ್ಬ ಹುಡುಗಿ ಎದ್ದು ನಿಂತು ಕನ್ನಡ ಓದುತ್ತಾಳೆ. ಅವಳು ನಮ್ಮವಳು.

ಸಿರಿಗನ್ನಡಂ ಗೆಲ್ಗೆ! ಸಿರಿಗನ್ನಡಂ ಬಾಳ್ಗೆ!