ಡಿಕ್ಲೇರ್ ಮಾಡುವವರು ಯಾರು?



ವೃತ್ತಿಪರ ತಂಡಗಳ ತೀರ್ಮಾನಗಳನ್ನು ಕೃತಕ ಬುದ್ಧಿಮತ್ತೆಗೆ ಒಪ್ಪಿಸಬಹುದೇ ಎಂಬುದು ಈ ವಿಚಾರ ಸಂಕಿರಣದ ಪ್ರಶ್ನೆ. ಚರ್ಚೆಗೆ ಮೊದಲಾಗಿ ಬೇಸ್‌ಬಾಲ್‌ ಪಂದ್ಯವೊಂದನ್ನು ನಿಮ್ಮ ಮುಂದಿಡುತ್ತೇನೆ. ಆ ಆಟ ತಿಳಿಯದವರು ಗಾಬರಿಯಾಗಬೇಕಿಲ್ಲ, ಪಿಚರ್ ಎಂದರೆ ಹೆಚ್ಚುಕಡಿಮೆ ನಮ್ಮ ಬೌಲರ್.

2020ರ ಅಕ್ಟೋಬರ್ 27, ಅಮೆರಿಕದ ಬೇಸ್‌ಬಾಲ್ ಫೈನಲ್ ಸರಣಿಯಾದ ವರ್ಲ್ಡ್ ಸೀರೀಸ್‌ನ ಆರನೇ ಪಂದ್ಯ. ಟ್ಯಾಂಪಾ ಬೇ ರೇಸ್ ತಂಡದ ಪಿಚರ್ ಬ್ಲೇಕ್ ಸ್ನೆಲ್ 73 ಎಸೆತಗಳಲ್ಲಿ 9 ಸ್ಟ್ರೈಕ್‌ಔಟ್ ಸಾಧಿಸಿದ್ದರು. ತಂಡ 1-0 ಮುಂದಿತ್ತು. ಅಂಥ ಹೊತ್ತಿನಲ್ಲಿ ಮ್ಯಾನೇಜರ್ ಕೆವಿನ್ ಕ್ಯಾಶ್ ಮೈದಾನಕ್ಕಿಳಿದು ಅವರನ್ನು ಹೊರಗೆ ಕರೆದರು. ಒಬ್ಬನೇ ಪಿಚರ್‌ನನ್ನು ಮೂರನೇ ಸಲ ಎದುರಿಸುವಾಗ ಬ್ಯಾಟರ್‌ಗಳು ಹೆಚ್ಚು ಹೊಡೆಯುತ್ತಾರೆ ಎನ್ನುತ್ತವೆ ಅಂಕಿಅಂಶಗಳು. ಅದು ಸುಳ್ಳಲ್ಲ. ಆದರೆ ಮುಂದೆ ಬರಲಿದ್ದ ಎದುರಾಳಿ ಬ್ಯಾಟರ್‌ಗಳಾದ ಬೆಟ್ಸ್, ಸೀಗರ್, ಟರ್ನರ್ ಮೂವರೂ ಅಂದು ಸ್ನೆಲ್ ಎದುರು ಎರಡೆರಡು ಸಲ ಸ್ಟ್ರೈಕ್‌ಔಟ್ ಆಗಿದ್ದರು. ಹೊಸ ಪಿಚರ್ ಬಂದ ಮೇಲೆ ಎದುರಾಳಿ ಡಾಜರ್ಸ್ ತಂಡ ಆ ಇನಿಂಗ್ಸ್‌ನಲ್ಲೇ ಮುನ್ನಡೆ ಪಡೆದು, 3-1ರಿಂದ ಗೆದ್ದು ಪ್ರಶಸ್ತಿ ಒಯ್ದಿತು.

ಒಂದು ಪಂದ್ಯದಿಂದ ಲೆಕ್ಕಾಚಾರವೇ ತಪ್ಪೆನ್ನಲಾಗದು. ಕಡಿಮೆ ಬಜೆಟ್ಟಿನ ಆ ತಂಡ ಫೈನಲ್‌ವರೆಗೆ ಬಂದದ್ದೇ ಇಂಥ ಲೆಕ್ಕಗಳನ್ನು ನಂಬಿ. ನಾನು ಗಮನಿಸುವುದು ಆಮೇಲಿನದನ್ನು. ಕ್ಯಾಶ್ ಪತ್ರಕರ್ತರಿಗೆ ಮುಖ ಕೊಟ್ಟು, ಯಾಕೆ ಹಾಗೆ ಮಾಡಿದೆನೆಂದು ವಿವರಿಸಿದರು. ಸಾಫ್ಟ್‌ವೇರ್‌ಗೆ ಆ ಕಷ್ಟವಿಲ್ಲ.

ಕ್ರಿಕೆಟ್‌ನಲ್ಲೂ ಅಷ್ಟೇ, ನಮ್ಮ ಬೆಂಗಳೂರಿನ ರಾಹುಲ್ ದ್ರಾವಿಡ್ ಅವರನ್ನು ನೆನೆಯಿರಿ. 2004ರ ಮುಲ್ತಾನ್ ಟೆಸ್ಟ್‌ನಲ್ಲಿ ಗಾಯಗೊಂಡ ಗಂಗೂಲಿಯವರ ಬದಲು ನಾಯಕರಾಗಿದ್ದ ಅವರು, ಸಚಿನ್ 194ರಲ್ಲಿ ಆಡುತ್ತಿದ್ದಾಗಲೇ ಡಿಕ್ಲೇರ್ ಮಾಡಿಬಿಟ್ಟರು. ಭಾರತ ಇನಿಂಗ್ಸ್ ಹಾಗೂ 52 ರನ್ನಿನಿಂದ ಗೆದ್ದಿತು. ವಾದ ಮಾತ್ರ ಇಂದಿಗೂ ಮುಗಿದಿಲ್ಲ. ಯಂತ್ರವೂ ಬಹುಶಃ ಡಿಕ್ಲೇರ್ ಮಾಡಿ ಎಂದೇ ಹೇಳುತ್ತಿತ್ತು, ಇನ್ನೂ ಮುಂಚೆಯೇ. ಆದರೆ ದ್ವಿಶತಕ ತಪ್ಪಿದ ಆಟಗಾರನನ್ನು ಡ್ರೆಸಿಂಗ್ ರೂಮಿನಲ್ಲಿ ಎದುರಿಸಬೇಕಾದವರು ನಾಯಕರೇ.

ಯಂತ್ರ ಸಲಹೆ ಕೊಡಲಿ, ಧಾರಾಳವಾಗಿ ಕೊಡಲಿ. ಎದುರಾಳಿಯ ದೌರ್ಬಲ್ಯವಿರಲಿ, ಆಟಗಾರರ ಹರಾಜಿನ ಬೆಲೆಯಿರಲಿ, ಅದರ ಮಾತು ಕೇಳದ ತಂಡ ಹಿಂದೆ ಬೀಳುತ್ತದೆ. ನನ್ನ ಆತಂಕ ಕ್ಯಾಮೆರಾ ಇಲ್ಲದ ಕೋಣೆಗಳ ತೀರ್ಮಾನಗಳ ಬಗ್ಗೆ. ವೇಗದ ಬೌಲರೊಬ್ಬನ ಬೆನ್ನು ಮುಂದಿನ ವರ್ಷ ಕೈಕೊಟ್ಟೀತು ಎಂದು ಸಾಫ್ಟ್‌ವೇರ್ ಊಹಿಸಿ, ಅವನ ಒಪ್ಪಂದ ನವೀಕರಣವಾಗದೆ ಹೋದರೆ, ಕಾರಣ ಅವನಿಗೇ ತಿಳಿಯದು. ಸ್ನೆಲ್ ಪರವಾಗಿ ಕೂಗಲು ಅಭಿಮಾನಿಗಳಾದರೂ ಇದ್ದರು. ಇವನ ಪರ ಯಾರಿದ್ದಾರೆ?

ಆದ್ದರಿಂದ ಸಂಕಿರಣದಲ್ಲಿ ಒಂದು ಕರಡು ಸಿದ್ಧವಾಗಲಿ ಎಂಬುದು ನನ್ನ ಕೋರಿಕೆ. ಆಟಗಾರರ ಮೈಯಿಂದ ಸಂಗ್ರಹಿಸಿದ ಮಾಹಿತಿಯನ್ನು ಅವರಿಗೂ ತೋರಿಸಬೇಕು. ಅವರ ಕುರಿತ ಪ್ರತಿ ತೀರ್ಮಾನದ ಕೆಳಗೆ ಮನುಷ್ಯರೊಬ್ಬರ ಸಹಿ ಇರಬೇಕು. ಇವೆರಡನ್ನೂ ಒಪ್ಪಂದ ಪತ್ರದೊಳಕ್ಕೆ ತರುವುದು ಹೇಗೆಂದು ಇಲ್ಲಿರುವ ಕಾನೂನು ತಜ್ಞರೂ ತರಬೇತುದಾರರೂ ಕೂಡಿ ಬರೆಯಬೇಕು.