ತೋಟದ ಪುಸ್ತಕ ಮಕ್ಕಳ ಕೈಯಲ್ಲಿರಲಿ

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹ ರೂಪ)



ಶಾಲೆಯ ಹಿಂದಿನ ಖಾಲಿ ಜಾಗದಲ್ಲಿ ಸಾವಯವ ಕೈತೋಟ ಮಾಡಬೇಕೆಂದು ಮುಖ್ಯೋಪಾಧ್ಯಾಯರು ಯೋಚಿಸಿದ್ದಾರೆ. ‘ಕಾಲೇಜಿನಲ್ಲಿ ಇಂಥದೊಂದು ತೋಟ ಶುರು ಮಾಡಿದವರಲ್ಲಿ ನೀನೂ ಒಬ್ಬ, ಅದರ ಬಗ್ಗೆ ನಾಲ್ಕು ಮಾತು ಹೇಳು’ ಎಂದರು. ಸಾಫ್ಟ್‌ವೇರ್ ಕೆಲಸದವನನ್ನು ಕರೆದು ಸೊಪ್ಪಿನ ಮಡಿಯ ಬಗ್ಗೆ ಕೇಳಿದ್ದು ನನಗೆ ಬಹಳ ಸಂತೋಷವಾಯಿತು.

ನಾನು ಬಿ.ಇ. ಓದಿದ ಕಾಲೇಜಿನ ಹಾಸ್ಟೆಲ್ ಹಿಂದೆ ಸುಮಾರು 5 ಗುಂಟೆ ಜಾಗ ಪಾಳು ಬಿದ್ದಿತ್ತು. ಕಟ್ಟಡ ಕಟ್ಟುವಾಗ ಸುರಿದ ಇಟ್ಟಿಗೆ ಚೂರು, ಗಟ್ಟಿಯಾದ ಸಿಮೆಂಟು, ಅದರ ಮೇಲೆ ಪಾರ್ಥೇನಿಯಂ. ಮೆಸ್ಸಿನಲ್ಲಿ ದಿನವೂ ಬಕೆಟ್‌ಗಟ್ಟಲೆ ತರಕಾರಿ ಸಿಪ್ಪೆ ಹೊರಗೆ ಹೋಗುತ್ತಿತ್ತು. ಉದುರಿದ ಎಲೆಗೆ ಬೆಂಕಿ ಇಡುತ್ತಿದ್ದರು. ಈ ಸಿಪ್ಪೆ, ಈ ಎಲೆ, ಈ ಜಾಗ ಮೂರನ್ನೂ ಸೇರಿಸಿದರೆ ಏನಾಗಬಹುದು ಎಂದು ಕೇಳಿಕೊಂಡವರು ನಾವು ಹನ್ನೊಂದು ಜನ. ಹೀಗೆ ವಿದ್ಯಾರ್ಥಿಗಳು ತೋಟ ಮಾಡುವುದು ಹೊಸದೇನಲ್ಲ. ಅಮೆರಿಕದ ಸಾಂತಾ ಕ್ರೂಸ್ ವಿಶ್ವವಿದ್ಯಾಲಯದಲ್ಲಿ ಅಲನ್ ಚಾಡ್ವಿಕ್ ಎಂಬ ತೋಟಗಾರ 1967ರಲ್ಲಿ ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಗುಡ್ಡದ ಇಳಿಜಾರಿನಲ್ಲಿ ಶುರು ಮಾಡಿದ ತೋಟ ಇಂದಿಗೂ ಅವರ ಹೆಸರಿನಲ್ಲೇ ಇದೆ. ಅದು ನಮ್ಮ ಶಾಲೆಗಿಂತ ಹಿರಿಯದು.

ಮೊದಲ ಕೆಲಸ ಮಣ್ಣಿನದು. ಸಿಮೆಂಟು ಬೆರೆತ ನೆಲವನ್ನು ಅಗೆಯುತ್ತಾ ಕೂರುವ ಬದಲು ಅದರ ಮೇಲೆಯೇ ಒಂಬತ್ತು ಇಂಚು ಎತ್ತರದ ಮಡಿ ಕಟ್ಟಿದೆವು. ಅಗಲ ನಾಲ್ಕು ಅಡಿ ಮಾತ್ರ. ಎರಡೂ ಕಡೆಯಿಂದ ಕೈ ಎಟುಕಬೇಕು, ಮಡಿಯೊಳಗೆ ಯಾರೂ ಕಾಲಿಡಬಾರದು. ಗೊಬ್ಬರಕ್ಕೆ ಒಂದು ಬಕೆಟ್ ಹಸಿ ಸಿಪ್ಪೆಗೆ ಮೂರು ಬಕೆಟ್ ಒಣ ಎಲೆಯಂತೆ ಪದರ ಪದರವಾಗಿ ಹಾಕಿದೆವು. ನಾಲ್ಕೈದು ದಿನಕ್ಕೆ ರಾಶಿಯೊಳಗೆ ಕೈ ಇಡಲಾಗದಷ್ಟು ಬಿಸಿ. ಹೊಗೆಯಾಡುವುದನ್ನು ನೋಡಿ ವಾರ್ಡನ್ ಓಡಿ ಬಂದಿದ್ದರು. ವಾರಕ್ಕೊಮ್ಮೆ ಮಗುಚಿದರೆ ಎರಡು-ಮೂರು ತಿಂಗಳಲ್ಲಿ ಕಪ್ಪು ಗೊಬ್ಬರ ಸಿದ್ಧ. ಬೇಯಿಸಿದ ಅನ್ನ, ಎಣ್ಣೆ ಪದಾರ್ಥ ಹಾಕಲಿಲ್ಲ, ಇಲಿ ಬರುತ್ತವೆ.

ಜೀವಾಮೃತ ಎಲ್ಲರೂ ಕೇಳಿರುತ್ತೀರಿ. ಸುಭಾಷ್ ಪಾಳೇಕರ್ ಹೇಳಿದ ಅಳತೆ ಒಂದು ಎಕರೆಗೆ 200 ಲೀಟರ್ ನೀರು, 10 ಕಿಲೋ ಸಗಣಿ, 5ರಿಂದ 10 ಲೀಟರ್ ಗಂಜಲ, 2 ಕಿಲೋ ಬೆಲ್ಲ, 2 ಕಿಲೋ ದ್ವಿದಳ ಧಾನ್ಯದ ಹಿಟ್ಟು, ಬದುವಿನ ಒಂದು ಹಿಡಿ ಮಣ್ಣು. ನೆರಳಲ್ಲಿಟ್ಟು ಎರಡು ದಿನ ಆಗಾಗ ಕಲಕಬೇಕು. ಎಕರೆಗೆ 40 ಗುಂಟೆ, ನಮ್ಮದು 5 ಗುಂಟೆ, ಅಂದರೆ ಎಂಟನೇ ಒಂದು ಭಾಗ. 25 ಲೀಟರ್ ನೀರಿಗೆ ಒಂದೂಕಾಲು ಕಿಲೋ ಸಗಣಿ, ಕಾಲು ಕಿಲೋ ಬೆಲ್ಲ, ಕಾಲು ಕಿಲೋ ಹಿಟ್ಟು ಸಾಕು. ಮಕ್ಕಳೇ, ಏಳನೇ ತರಗತಿಯ ಅನುಪಾತದ ಲೆಕ್ಕ ಇದು. ಇಂಜಿನಿಯರಿಂಗ್‌ನಲ್ಲಿ ನನಗೆ ಅತಿ ಹೆಚ್ಚು ಉಪಯೋಗಕ್ಕೆ ಬಂದದ್ದೂ ಇದೇ.

ಈ ಸಗಣಿ ಕಲಸುವ ಕೆಲಸದಲ್ಲಿ ಒಂದು ವಿಷಯ ಕಂಡೆ. ಪಟ್ಟಣದ ಹುಡುಗರು ಮೂಗು ಮುಚ್ಚಿಕೊಂಡರು, ಅದು ಸಹಜ. ಹಳ್ಳಿಯಿಂದ ಬಂದವರು ತಮಗೂ ಗೊತ್ತಿಲ್ಲ ಎಂಬಂತೆ ನಿಂತಿದ್ದರು! ಕೊಟ್ಟಿಗೆಯಲ್ಲಿ ಬೆಳೆದವರು ಗುದ್ದಲಿ ಹಿಡಿಯಲು ಬರುವುದಿಲ್ಲ ಎಂದರು. ಗೊತ್ತಿದೆ ಎಂದರೆ ಹಳ್ಳಿಗಮಾರ ಅನ್ನುತ್ತಾರೆಂಬ ಅಂಜಿಕೆ. ಇಂಗ್ಲಿಷಿಗೆ ಹೆದರಿ ಕ್ಲಾಸಿನಲ್ಲಿ ಹಿಂದಿನ ಬೆಂಚು ಬಿಡದ ಒಬ್ಬ ಹುಡುಗನಿದ್ದ. ಬದನೆ ಎಲೆ ಮುದುಡಿದಾಗ ತಡೆಯಲಾರದೆ ಮುಂದೆ ಬಂದು ಎಲೆ ತಿರುವಿ ಹೇನು ತೋರಿಸಿದ. ಬೇವಿನ ಬೀಜ ಕುಟ್ಟಿ, ಲೀಟರಿಗೆ 50 ಗ್ರಾಂನಂತೆ ರಾತ್ರಿ ನೆನೆಸಿ, ಸೋಸಿ ಸಿಂಪಡಿಸಿದೆವು. ಅಂದಿನಿಂದ ರ‍್ಯಾಂಕ್ ಬರುವವರೂ ಅವನನ್ನು ‘ಇದೇನೋ, ಅದೇನೋ’ ಎಂದು ಕೇಳತೊಡಗಿದರು. ಮನೆಯಲ್ಲಿ ಕಲಿತದ್ದೂ ವಿದ್ಯೆಯೇ ಎಂದು ಅವನಿಗೆ ಗೊತ್ತಾದದ್ದು ಆ ತೋಟದಲ್ಲಿ. ನನಗೂ ಅಲ್ಲೇ.

ರಜೆಗೆ ಬಂದಾಗ ಇದನ್ನೆಲ್ಲ ಮನೆಯಲ್ಲಿ ಹೇಳಿದೆ. ಅಪ್ಪ ಕೇಳಿಸಿಕೊಂಡು, ‘ಗುದ್ದಲಿ ಹಿಡಿಯೋಕೆ ಅಷ್ಟು ಫೀಸು ಕಟ್ಟಬೇಕಿತ್ತೇನಪ್ಪ? ಇಲ್ಲೇ ಇತ್ತಲ್ಲ’ ಎಂದರು.

ಇಲ್ಲಿ ಕೂತಿರುವ ಅನೇಕ ತಂದೆ-ತಾಯಂದಿರ ಮನಸ್ಸಿನಲ್ಲೂ ಇದೇ ಮಾತು ಇರಬಹುದು. ಅದು ಸರಿಯಾದ ಮಾತು. ನಮ್ಮ ಪಾಡು ಮಕ್ಕಳಿಗೆ ಬೇಡ ಎಂದೇ ಶಾಲೆಗೆ ಕಳಿಸಿದ್ದೀರಿ. ಕಸ ಗುಡಿಸಲು, ನೀರು ಹೊರಲು ಕೆಲವು ಮಕ್ಕಳನ್ನೇ ಹುಡುಕಿ ಕರೆಯುತ್ತಿದ್ದ ಕಾಲವನ್ನೂ ನಮ್ಮ ಹಿರಿಯರು ಕಂಡಿದ್ದಾರೆ. ಹಾಗಾಗಿ ಇವತ್ತು ನಾನು ಹೇಳಬೇಕೆಂದು ಬಂದಿರುವುದು ಒಂದೇ ಮಾತು. ಮಕ್ಕಳಿಂದ ಮಾಡಿಸುವ ತೋಟ ಬೇರೆ, ಮಕ್ಕಳು ನಡೆಸುವ ತೋಟ ಬೇರೆ. ಮೊದಲನೆಯದು ಬಿಟ್ಟಿ ಚಾಕರಿ. ಎರಡನೆಯದು ಮಾತ್ರ ಶಿಕ್ಷಣ.

ವ್ಯತ್ಯಾಸ ಎಲ್ಲಿದೆ? ನಮ್ಮಲ್ಲಿ ಅದು ಒಂದು ಉದ್ದನೆಯ ನೋಟ್‌ಪುಸ್ತಕದಲ್ಲಿತ್ತು. ಯಾವ ಮಡಿಗೆ ಏನು ಬಿತ್ತಬೇಕು ಎಂದು ಭಾನುವಾರ ಕೂತು ನಾವೇ ತೀರ್ಮಾನಿಸಿ ಬರೆಯುತ್ತಿದ್ದೆವು. ಸರದಿ ಪಟ್ಟಿಯಲ್ಲಿ ಹುಡುಗ-ಹುಡುಗಿ, ಜಾತಿ, ರ‍್ಯಾಂಕು ಯಾವುದೂ ಇರಲಿಲ್ಲ. ಸಗಣಿ ಕಲಸುವ ಸರದಿ ಪ್ರತಿಯೊಬ್ಬರಿಗೂ ಬರುತ್ತಿತ್ತು. ಕೊಯ್ದ ಸೊಪ್ಪನ್ನು ಮೆಸ್ಸಿನ ತಕ್ಕಡಿಯಲ್ಲಿ ತೂಗಿ, ಅಂದಿನ ಮಾರುಕಟ್ಟೆ ದರ ಬರೆದು, ಮೆಸ್ಸಿನವರ ಸಹಿ ಹಾಕಿಸುತ್ತಿದ್ದೆವು.

ನಾವು ಕೊನೆಯ ವರ್ಷದಲ್ಲಿದ್ದಾಗ ಆ ಜಾಗದಲ್ಲಿ ಬೈಕ್ ಶೆಡ್ ಹಾಕುವ ಮಾತು ಬಂತು. ನಾವು ಘೋಷಣೆ ಕೂಗಲಿಲ್ಲ. ಆ ಪುಸ್ತಕ ಹಿಡಿದುಕೊಂಡು ಪ್ರಿನ್ಸಿಪಾಲರ ಕೋಣೆಗೆ ಹೋದೆವು. ಅವರು ಅರ್ಧ ಗಂಟೆ ಪುಟ ತಿರುವಿದರು. ಜಾಗ ಪೂರ್ತಿ ಉಳಿಯಲಿಲ್ಲ. 2 ಗುಂಟೆ ಶೆಡ್ಡಿಗೆ ಹೋಯಿತು, 3 ಗುಂಟೆ ಉಳಿಯಿತು. ಆ ಪುಸ್ತಕ ಇಲ್ಲದಿದ್ದರೆ ಅದೂ ಉಳಿಯುತ್ತಿರಲಿಲ್ಲ.

ವಿದ್ಯಾರ್ಥಿಗಳ ತೋಟಕ್ಕೆ ಕೀಟಕ್ಕಿಂತ ದೊಡ್ಡ ಅಪಾಯ ಎರಡು. ಒಂದು ರಜೆ, ಇನ್ನೊಂದು ಬೀಳ್ಕೊಡುಗೆ. ತೋಟ ಕಟ್ಟಿದವರು ಪರೀಕ್ಷೆ ಬರೆದು ಹೊರಟುಬಿಡುತ್ತಾರೆ. ಅದಕ್ಕೇ ನಮ್ಮಲ್ಲಿ ಮೂರನೇ ವರ್ಷದವರು ಮುಖ್ಯಸ್ಥರು, ಎರಡನೇ ವರ್ಷದವರು ಅವರ ಜೊತೆಗಾರರು, ಕೊನೆಯ ವರ್ಷದವರು ಕೇಳಿದರೆ ಮಾತ್ರ ಸಲಹೆ ಕೊಡುವವರು. ಈಗ ನನ್ನ ಕೆಲಸದಲ್ಲೂ ಹಾಗೇ. ಒಬ್ಬರು ಬರೆದ ಪ್ರೋಗ್ರಾಮನ್ನು ಅವರು ಕೆಲಸ ಬಿಟ್ಟ ಮೇಲೂ ಇನ್ನೊಬ್ಬರು ನಡೆಸುವಂತಿರಬೇಕು.

ನಮ್ಮ ಶಾಲೆಗೂ ಇದು ಹೊಂದುತ್ತದೆ. 9ನೇ ತರಗತಿಯವರು ನಡೆಸಲಿ, 8ನೇ ತರಗತಿಯವರು ಕಲಿಯಲಿ, 10ನೆಯವರನ್ನು ಓದಲು ಬಿಡಿ. ಮೊದಲು ಒಂದೇ ಗುಂಟೆ ಮಾಡಿ. ಒಂದು ಗುಂಟೆ ಎಂದರೆ ಸುಮಾರು 100 ಚದರ ಮೀಟರ್, ಬಿಸಿಲುಗಾಲದಲ್ಲಿ ಚದರ ಮೀಟರಿಗೆ ದಿನಕ್ಕೆ 4-5 ಲೀಟರ್ ನೀರು ಬೇಕು. ಅಂದರೆ ದಿನಕ್ಕೆ 400-500 ಲೀಟರ್. ಅಷ್ಟು ನೀರು ಇದೆಯೇ ಎಂದು ನೋಡಿಕೊಂಡೇ ಬೀಜ ತನ್ನಿ. ದಂಟು, ಮೆಂತ್ಯ ತಿಂಗಳೊಳಗೆ ಕೈಗೆ ಬರುತ್ತವೆ, ಮಕ್ಕಳಿಗೆ ಹುರುಪು ಬರುತ್ತದೆ. ಬೇಲಿಯುದ್ದಕ್ಕೂ ನುಗ್ಗೆ, ಕರಿಬೇವು ಇರಲಿ, ಬೇರು ಬಿಟ್ಟ ಮೇಲೆ ಬೇಸಿಗೆ ರಜೆಯನ್ನು ತಾವೇ ತಡೆದುಕೊಳ್ಳುತ್ತವೆ. ಏಪ್ರಿಲ್‌ನಲ್ಲಿ ಮಡಿಗಳಿಗೆ ದಪ್ಪಗೆ ಒಣ ಎಲೆ ಹೊದಿಸಿ ಬಿಡಿ. ಬೆಳೆದ ಸೊಪ್ಪನ್ನು ಅಕ್ಷರ ದಾಸೋಹದ ಅಡುಗೆ ಅಕ್ಕಂದಿರಿಗೆ ತೂಗಿ ಕೊಟ್ಟು, ಪುಸ್ತಕದಲ್ಲಿ ಸಹಿ ಹಾಕಿಸಿ.

ಊರಿನ ಹಿರಿಯರಲ್ಲಿ ಎರಡು ವಿನಂತಿ. ರಜೆಯಲ್ಲಿ ಮೇಕೆಗಳು ಒಳಗೆ ಹೋಗದಂತೆ ಕಣ್ಣಿಡಿ. ಮಕ್ಕಳು ಮನೆಗೆ ಬಂದು ಅವರೆಗೆ ಯಾವಾಗ ಮಣ್ಣು ಏರಿಸಬೇಕು ಎಂದು ಕೇಳಿದರೆ, ‘ಓದೋದು ಬಿಟ್ಟು ಇದೇನು’ ಎನ್ನದೆ ಹೇಳಿಕೊಡಿ.

ಹಳೆಯ ವಿದ್ಯಾರ್ಥಿಗಳಾದ ನಮಗೂ ಒಂದು ಮಾತು. ತಂತಿ ಬೇಲಿ, ನೀರಿನ ಪೈಪು, ಒಂದು 200 ಲೀಟರಿನ ಡ್ರಮ್ಮು, ಒಂದು ತಕ್ಕಡಿ ಇಷ್ಟನ್ನು ನಮ್ಮ ಬ್ಯಾಚಿನವರು ಕೊಡುತ್ತೇವೆ. ಅದರ ಮೇಲೆ ನಮ್ಮ ಹೆಸರಿನ ಬೋರ್ಡು ಬೇಡ. ಏನು ಬಿತ್ತಬೇಕು ಎಂದು ಬೆಂಗಳೂರಿನಿಂದ ಫೋನ್ ಮಾಡಿ ಹೇಳುವುದೂ ಇಲ್ಲ. ಮಕ್ಕಳು ಬದನೆ ಹಾಕಿ ಹುಳ ಬಿದ್ದರೆ ಅದನ್ನೂ ಅವರೇ ಪುಸ್ತಕದಲ್ಲಿ ಬರೆಯಲಿ.

ಕಾಲೇಜಿನ ಆ 3 ಗುಂಟೆಯಲ್ಲಿ ಈಗಲೂ ಸೊಪ್ಪು ಬೆಳೆಯುತ್ತಾರೆ. ಕಳೆದ ವರ್ಷ ಹೋದಾಗ ಅಲ್ಲಿದ್ದ ಹುಡುಗಿಯೊಬ್ಬಳು, ‘ಸಾರ್, ಮಡಿ ಮೇಲೆ ಕಾಲಿಡಬೇಡಿ’ ಎಂದು ನನಗೇ ಹೇಳಿದಳು. ನಾನು ಯಾರೆಂದು ಅವಳಿಗೆ ಗೊತ್ತಿರಲಿಲ್ಲ. ತೋಟ ಅವಳದು ಎಂಬುದು ಗೊತ್ತಿತ್ತು, ಅಷ್ಟು ಸಾಕು.

ಈ ಶಾಲೆ ಐವತ್ತು ವರ್ಷ ನಡೆದದ್ದೂ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟಿಯೇ.